ರೀಆಂಪ್ ಮೋಸ ಅಲ್ಲ, ಡಿಐ ಬಿಸಾಕೋದು ಮೂರ್ಖತನ

ಭಾಗ 1/10

ನೇರವಾಗಿ ವಿಷಯಕ್ಕೆ ಬರ್ತೀನಿ. ರೆಕಾರ್ಡ್ ಆದ ಗಿಟಾರನ್ನ ಮಿಕ್ಸಿಂಗ್ ಟೈಮಲ್ಲಿ ರೀಆಂಪ್ ಮಾಡೋದು ಮೋಸ ಅಂತ ನಮ್ಮ ಕಡೆ ಒಂದು ಮಾತು ಓಡಾಡ್ತಿದೆ. ಜಾಮ್ ರೂಮಲ್ಲಿ, ಫೆಸ್ಟ್ ಸ್ಟೇಜಿನ ಹಿಂದೆ, ಕ್ಯಾಂಟೀನಲ್ಲಿ, ಎಲ್ಲಾ ಕಡೆ. "ನಿಜವಾದ ಗಿಟಾರಿಸ್ಟ್ ಆದ್ರೆ ಆಂಪ್ ಮುಂದೆ ಕೂತು ಟೋನ್ ಹಿಡಿದು ನುಡಿಸಬೇಕು. ಆಮೇಲೆ ಕಂಪ್ಯೂಟರಲ್ಲಿ ಬದಲಾಯಿಸೋದು ಏನು ಆಟ?" ಇದೇ ಡೈಲಾಗ್.

ಈ ಮಾತು ತಪ್ಪು. ಇದನ್ನ ನಂಬಿಕೊಂಡು ನಮ್ಮ ಜೊತೆಯವರೇ ದುಡ್ಡು ಕಳ್ಕೊಳ್ತಿದ್ದಾರೆ. ಅದಕ್ಕೇ ಹತ್ತು ಪೋಸ್ಟ್ ಬರೀತಿದ್ದೀನಿ.

ಗಿಟಾರ್ ಮುಟ್ಟದವರೂ ಓದಬಹುದು. ವಿಷಯ ಸುಲಭ. ಎಲೆಕ್ಟ್ರಿಕ್ ಗಿಟಾರಿಂದ ಬರೋದು ಒಂದು ಸಣ್ಣ ಸಿಗ್ನಲ್. ಅದನ್ನ ಆಂಪ್ ದೊಡ್ಡದು ಮಾಡತ್ತೆ, ಕೆಡಿಸತ್ತೆ, ಬಣ್ಣ ಹಚ್ಚತ್ತೆ. ನಾವು "ಗಿಟಾರ್ ಸೌಂಡ್" ಅನ್ನೋದರಲ್ಲಿ ಅರ್ಧ ಆಂಪ್ ಮತ್ತು ಸ್ಪೀಕರ್ ಸೌಂಡ್. ಆಂಪ್‌ಗೆ ಹೋಗೋ ಮುಂಚೆ ಇರೋ ಆ ಬರೀ ಸಿಗ್ನಲನ್ನ ಹಾಗೇ ರೆಕಾರ್ಡ್ ಮಾಡಿಟ್ಟರೆ ಅದಕ್ಕೆ ಡಿಐ ಅಂತಾರೆ. ಆ ಡಿಐಯನ್ನ ಆಮೇಲೆ ಒಂದು ಆಂಪ್‌ಗೆ ಕಳಿಸಿ, ಮೈಕ್ ಇಟ್ಟು ಮತ್ತೆ ರೆಕಾರ್ಡ್ ಮಾಡಿದರೆ ಅದು ರೀಆಂಪ್. ಈಗ ಪ್ಲಗಿನ್‌ನಲ್ಲಿ ಮಾಡೋದನ್ನೂ ಹಾಗೇ ಕರೀತಾರೆ.

ದೋಸೆ ಲೆಕ್ಕದಲ್ಲಿ ಹೇಳ್ತೀನಿ. ಡಿಐ ಅಂದ್ರೆ ಹಿಟ್ಟು. ಆಂಪ್ ಅಂದ್ರೆ ಕಾವಲಿ. ಮೊದಲನೇ ದೋಸೆ ಸೀದುಹೋಯ್ತು ಅಂತ ಯಾರಾದ್ರೂ ಪೂರ್ತಿ ಹಿಟ್ಟು ಚರಂಡಿಗೆ ಸುರೀತಾರಾ? ನಾವು ಸುರೀತಿದ್ದೀವಿ. ಪ್ರತಿ ಸೆಷನ್ನಲ್ಲೂ.

ನನ್ನ ವಾದ ಇಷ್ಟೇ: ನುಡಿಸೋದು ನುಡಿಸೋ ಹೊತ್ತಲ್ಲಿ ತೀರ್ಮಾನ ಆಗಬೇಕು, ಟೋನ್ ಮಿಕ್ಸ್‌ನಲ್ಲಿ ತೀರ್ಮಾನ ಆಗಬೇಕು. ಆ ಎರಡನ್ನ ಬೇರೆ ಮಾಡೋ ದಾರಿ ಡಿಐ. ಅದನ್ನ ಇಟ್ಟುಕೊಳ್ಳದೆ ಸ್ಟುಡಿಯೋಗೆ ದುಡ್ಡು ಕೊಡಬೇಡಿ.

ಭಾಗ 2/10

ಮೊದಲು ಇದು ಹೇಗೆ ನಡೆಯತ್ತೆ ನೋಡೋಣ. ತಿಳೀದೆ "ಮೋಸ" ಅನ್ನೋರಿಗೂ, ತಿಳೀದೆ "ಸೂಪರ್" ಅನ್ನೋರಿಗೂ ಇದು ಬೇಕು.

ಗಿಟಾರ್ ಪಿಕಪ್ ಅಂದ್ರೆ ಆಯಸ್ಕಾಂತಕ್ಕೆ ಸುತ್ತಿದ ಸಾವಿರಾರು ಸುತ್ತಿನ ತೆಳು ತಂತಿ. ಇದರ ಇಂಪೀಡೆನ್ಸ್ ಜಾಸ್ತಿ. ಅದಕ್ಕೇ ಇದನ್ನ ಮಾಮೂಲಿ ಲೈನ್ ಇನ್‌ಪುಟ್‌ಗೆ ಚುಚ್ಚಿದ್ರೆ ಮೇಲಿನ ಹೊಳಪೆಲ್ಲಾ ಹೋಗಿ ಕಂಬಳಿ ಹೊದ್ದಂಗೆ ಕೇಳತ್ತೆ. ಸುಮಾರು 1 ಮೆಗಾ ಓಮ್ ಇರೋ ಇನ್‌ಪುಟ್ ಬೇಕು. ನಿಮ್ಮ ಇಂಟರ್ಫೇಸ್ ಮೇಲೆ ಗಿಟಾರ್ ಚಿತ್ರನೋ, "ಇನ್ಸ್ಟ್ರುಮೆಂಟ್" ಅನ್ನೋ ಬಟನ್ನೋ ಇರತ್ತಲ್ಲ, ಅದು ಇದಕ್ಕೇ. ಒತ್ತಿ. ಒತ್ತದೆ ರೆಕಾರ್ಡ್ ಮಾಡಿದ ಡಿಐ ಹುಳಿ ಹಿಟ್ಟು.

ವಾಪಸ್ ಕಳಿಸೋವಾಗ ಇದರ ಉಲ್ಟಾ. ಇಂಟರ್ಫೇಸಿನ ಔಟ್‌ಪುಟ್ ಲೈನ್ ಲೆವೆಲ್, ಜೋರು, ಇಂಪೀಡೆನ್ಸ್ ಕಮ್ಮಿ. ಆಂಪ್ ಕಾಯ್ತಾ ಇರೋದು ಗಿಟಾರಿನಂಥ ಸಣ್ಣ ಸಿಗ್ನಲ್ಗೆ. ನಡುವೆ ಕೂರೋ ಡಬ್ಬಿಗೆ ರೀಆಂಪ್ ಬಾಕ್ಸ್ ಅಂತ ಹೆಸರು. ಒಳಗೆ ಸಾಮಾನ್ಯವಾಗಿ ಒಂದು ಟ್ರಾನ್ಸ್‌ಫಾರ್ಮರ್, ಲೆವೆಲ್ ತಗ್ಗಿಸೋಕೆ ಒಂದು ನಾಬ್, ಹಮ್ ಬಂದ್ರೆ ತೆಗೆಯೋಕೆ ಗ್ರೌಂಡ್ ಲಿಫ್ಟ್ ಸ್ವಿಚ್. ಅಷ್ಟೇ. ಮಂತ್ರ ಇಲ್ಲ, ಮಾಯ ಇಲ್ಲ. ಕೆಲವರು ಲೆವೆಲ್ ಇಳಿಸಿ ನೇರವಾಗೇ ಆಂಪ್‌ಗೆ ಹಾಕ್ತಾರೆ. ಸೌಂಡ್ ಬರತ್ತೆ, ಜೊತೆಗೆ ಗೊರ್ ಅನ್ನೋ ಹಮ್ಮೂ ಬರಬಹುದು.

ಇದರಲ್ಲಿ ಗಮನಿಸಿ: ಆಂಪ್ ನಿಜವಾದ ಆಂಪೇ. ಸ್ಪೀಕರ್ ನಿಜವಾಗಿ ಅಲುಗಾಡತ್ತೆ. ಮೈಕ್ ನಿಜವಾದ ಗಾಳಿಯನ್ನೇ ಹಿಡಿಯತ್ತೆ. ನುಡಿಸಿದ್ದು ನಿಮ್ಮದೇ ಬೆರಳು. ಬದಲಾಗಿದ್ದು ಒಂದೇ, ನುಡಿಸಿದ ಗಳಿಗೆಗೂ ಸ್ಪೀಕರ್ ಅಲುಗಿದ ಗಳಿಗೆಗೂ ನಡುವೆ ಎರಡು ದಿನ ಅಂತರ. ಇದರಲ್ಲಿ ಮೋಸ ಎಲ್ಲಿ ಬಂತು ಅಂತ ಯಾರಾದ್ರೂ ಕಾಮೆಂಟಲ್ಲಿ ಬೆರಳಿಟ್ಟು ತೋರಿಸಿ.

ಭಾಗ 3/10

"ಹಳೇ ಕಾಲದಲ್ಲಿ ಇವೆಲ್ಲಾ ಇರ್ಲಿಲ್ಲ ಗುರು, ಆಗ ಎಲ್ಲಾ ಒರಿಜಿನಲ್."

ಹೌದಾ? ನೋಡೋಣ.

1947. ಚಿಕಾಗೋದಲ್ಲಿ ಬಿಲ್ ಪಟ್ನಮ್ ಅನ್ನೋ ಇಂಜಿನಿಯರ್. ಹಾರ್ಮೋನಿಕ್ಯಾಟ್ಸ್ ಅನ್ನೋ ಗುಂಪಿನ ರೆಕಾರ್ಡಿಂಗ್. ಸೌಂಡಿಗೆ ಪ್ರತಿಧ್ವನಿ ಬೇಕಿತ್ತು. ಆತ ಮಾಡಿದ್ದೇನು? ಸ್ಟುಡಿಯೋದ ಬಾತ್‌ರೂಮಲ್ಲಿ ಸ್ಪೀಕರ್ ಇಟ್ಟು, ಸೌಂಡನ್ನ ಅಲ್ಲಿಗೆ ಕಳಿಸಿ, ಅಲ್ಲೇ ಮೈಕ್ ಇಟ್ಟು ವಾಪಸ್ ತಗೊಂಡ. ಆ ಹಾಡು ಭಾರಿ ಹಿಟ್ ಆಯ್ತು. ದೊಡ್ಡ ಸ್ಟುಡಿಯೋಗಳು ಇದಕ್ಕೆ ಅಂತಲೇ ಎಕೋ ಚೇಂಬರ್ ಕಟ್ಟಿಸಿದ್ದವು. ಲಂಡನ್ನಿನ ಆಬಿ ರೋಡ್‌ನಲ್ಲಿತ್ತು, ಹಾಲಿವುಡ್ಡಿನ ಕ್ಯಾಪಿಟಲ್ ಕಟ್ಟಡದ ನೆಲದಡಿ ಇತ್ತು. ಸಿಗ್ನಲನ್ನ ಸ್ಪೀಕರಿಗೆ ಕಳಿಸಿ ಮತ್ತೆ ಮೈಕಲ್ಲಿ ಹಿಡಿಯೋ ಐಡಿಯಾ ನಮ್ಮ ತಾತಂದಿರ ಕಾಲದ್ದು.

ಡಿಐ ವಿಷಯ? 1960ರ ದಶಕದಲ್ಲಿ ಡೆಟ್ರಾಯಿಟ್‌ನ ಮೋಟೌನ್ ಸ್ಟುಡಿಯೋದಲ್ಲಿ ಜೇಮ್ಸ್ ಜಾಮರ್ಸನ್ ಅವರ ಬೇಸ್ ನೇರವಾಗಿ ಕನ್ಸೋಲಿಗೇ ಹೋಗ್ತಿತ್ತು. ಇವತ್ತಿಗೂ ಬೇಸ್ ಕಲಿಯೋರು ಮೊದಲು ಕೇಳೋದು ಅವರನ್ನೇ. 1968ರಲ್ಲಿ ಬೀಟಲ್ಸ್ "ರೆವಲ್ಯೂಷನ್" ಸಿಂಗಲ್‌ಗೆ ಗಿಟಾರನ್ನ ನೇರವಾಗಿ ಕನ್ಸೋಲಿಗೆ ಹಾಕಿ, ಕನ್ಸೋಲನ್ನೇ ಓವರ್‌ಲೋಡ್ ಮಾಡಿ ಆ ಹರಿದ ಸೌಂಡ್ ತೆಗೆದರು. ಅಲ್ಲಿ ಗಿಟಾರ್ ಆಂಪೇ ಇಲ್ಲ. ಅವರನ್ನ ಯಾರಾದ್ರೂ ಮೋಸಗಾರರು ಅಂದ್ರಾ?

ರೀಆಂಪ್ ಅನ್ನೋ ಹೆಸರಲ್ಲಿ ಡಬ್ಬಿ ಮಾಡಿ ಮಾರಿದ್ದು ಜಾನ್ ಕ್ಯೂನಿಬರ್ಟಿ, 1990ರ ದಶಕದಲ್ಲಿ. ಜೋ ಸಾಟ್ರಿಯಾನಿ ಆಲ್ಬಂಗಳಿಗೆ ಇಂಜಿನಿಯರ್ ಆಗಿದ್ದವರು ಇವರು. ಆಮೇಲೆ ರೇಡಿಯಲ್ ಕಂಪನಿ ಅದನ್ನ ಕೊಂಡುಕೊಂಡಿತು. ಅಂದ್ರೆ ಗಿಟಾರ್ ಟೋನ್ ಬಗ್ಗೆ ತಲೆ ಕೆಡಿಸಿಕೊಂಡವರ ಜೊತೆ ದಿನಾ ಕೂತು ಕೆಲಸ ಮಾಡಿದ ಮನುಷ್ಯನಿಗೆ ಈ ಡಬ್ಬಿ ಬೇಕು ಅನ್ನಿಸ್ತು. ನಮ್ಮ ಕ್ಯಾಂಪಸ್ಸಿನ ಶುದ್ಧ ಸಂಗೀತ ರಕ್ಷಣಾ ಸಮಿತಿಗೆ ಬೇಡವಂತೆ.

ಭಾಗ 4/10

ಈಗ ಅಸಲಿ ಪ್ರಶ್ನೆ. ಮೋಸ ಅಂದ್ರೇನು? ನೀವು ನುಡಿಸದೇ ಇರೋದನ್ನ ನುಡಿಸಿದೀನಿ ಅಂತ ತೋರಿಸೋದು. ಸರಿ ತಾನೆ?

ಹಾಗಿದ್ರೆ ಒಂದು ಕೆಲಸ ಮಾಡಿ. ನೀವು ಫುಲ್ ಡಿಸ್ಟಾರ್ಷನ್ ಹಾಕಿ ನುಡಿಸಿದ ಒಂದು ರಿಫ್‌ನ ಡಿಐ ಮಾತ್ರ ಕೇಳಿ. ಯಾವ ಆಂಪೂ ಇಲ್ಲದೆ. ಟಿಂಗ್ ಟಿಂಗ್ ಅಂತ ರಬ್ಬರ್ ಬ್ಯಾಂಡ್ ಥರ ಕೇಳತ್ತೆ. ಅದರಲ್ಲಿ ನಿಮ್ಮ ಎಲ್ಲಾ ಬಂಡವಾಳ ಬಯಲಾಗತ್ತೆ. ಯಾವ ಪಿಕ್ ಸ್ಟ್ರೋಕ್ ಮೆತ್ತಗೆ ಬಿತ್ತು, ಎಲ್ಲಿ ಬೆರಳು ಸರಿಯಾಗಿ ಒತ್ತಲಿಲ್ಲ, ಎಲ್ಲಿ ಡ್ರಮ್ಮಿಗಿಂತ ಮುಂದೆ ಓಡಿದಿರಿ, ಎಲ್ಲಿ ಪಕ್ಕದ ತಂತಿ ಸುಮ್ಮನೆ ಗುಂಯ್ ಅಂತಿತ್ತು.

ಡಿಸ್ಟಾರ್ಷನ್ ಇದನ್ನೆಲ್ಲಾ ಮುಚ್ಚತ್ತೆ. ಅದರ ಕೆಲಸವೇ ಜೋರಾದದ್ದನ್ನ ಕತ್ತರಿಸಿ ಸಣ್ಣದನ್ನ ಮೇಲೆತ್ತೋದು. ಮೆತ್ತಗೆ ಹೊಡೆದ ನೋಟೂ ಜೋರು, ಜೋರಾಗಿ ಹೊಡೆದದ್ದೂ ಅಷ್ಟೇ ಜೋರು. ಹಾಗಾಗಿ ಗೇನ್ ಜಾಸ್ತಿ ಮಾಡಿದಷ್ಟೂ ಕೈಯ ವ್ಯತ್ಯಾಸ ಕಮ್ಮಿ ಕಾಣತ್ತೆ. ಈಗ ಹೇಳಿ, ಮುಚ್ಚಿಡೋದು ಯಾವುದು, ತೆರೆದಿಡೋದು ಯಾವುದು? ರೆಕಾರ್ಡಿಂಗಲ್ಲಿ ನಿಮ್ಮ ಕೈಯ ಅತ್ಯಂತ ಪ್ರಾಮಾಣಿಕ ದಾಖಲೆ ಡಿಐ ಫೈಲ್.

ರೀಆಂಪ್ ಮಾಡಿದ್ರೆ ತಪ್ಪು ನೋಟ್ ಸರಿ ಹೋಗಲ್ಲ. ತಾಳ ತಪ್ಪಿದ್ದು ಸರಿ ಹೋಗಲ್ಲ. ಟ್ಯೂನ್ ಇಳಿದ ಗಿಟಾರ್ ಮೇಲೇರಲ್ಲ. ಆರು ತಿಂಗಳಿಂದ ಬದಲಾಯಿಸದ ತುಕ್ಕು ತಂತಿಗೆ ಹೊಸ ಹೊಳಪು ಬರಲ್ಲ. ಹುಳಿ ಹಿಟ್ಟಿಗೆ ಯಾವ ಕಾವಲಿ ತಂದ್ರೂ ಹುಳಿ ದೋಸೆಯೇ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಟೇಕ್ ಚೆನ್ನಾಗಿ ಬರಲಿಲ್ಲ ಅಂದ್ರೆ ಆಂಪ್ ಸರಿ ಇಲ್ಲ ಅನ್ನೋರು ನಮ್ಮಲ್ಲಿ ಬಹಳ. ಡಿಐ ಇದ್ದರೆ ಆ ಮಾತಿಗೆ ಜಾಗ ಇಲ್ಲ. ನೆಲ ಸರಿ ಮಾಡಿ ಕೊಟ್ಟ ಮೇಲೂ ಕುಣಿತ ಡೊಂಕಾಗೇ ಇದ್ದರೆ ಡೊಂಕು ಎಲ್ಲಿದೆ ಅಂತ ಎಲ್ಲರಿಗೂ ಗೊತ್ತಾಗತ್ತೆ. ಕೆಲವರಿಗೆ ಡಿಐ ಅಂದ್ರೆ ಯಾಕೆ ಇಷ್ಟ ಇಲ್ಲ ಅನ್ನೋದಕ್ಕೆ ಇದೂ ಒಂದು ಕಾರಣ ಅಂತ ನನ್ನ ಅನುಮಾನ.

ಭಾಗ 5/10

"ಸರಿಯಪ್ಪಾ, ಮೋಸ ಅಲ್ಲ. ಆದ್ರೆ ಟೋನ್ ಮೊದಲೇ ಸರಿಯಾಗಿ ಇಟ್ಟರೆ ಆಮೇಲೆ ಯಾಕೆ ಬದಲಾಯಿಸಬೇಕು?"

ಒಳ್ಳೇ ಪ್ರಶ್ನೆ. ಉತ್ತರ: ಸರಿಯಾದ ಟೋನ್ ಅನ್ನೋದು ಒಂಟಿಯಾಗಿ ಇರಲ್ಲ.

ನೀವು ರೂಮಲ್ಲಿ ಒಬ್ಬರೇ ಆಂಪ್ ಮುಂದೆ ನಿಂತಾಗ ಬೇಸ್ ನಾಬ್ ತಿರುಗಿಸ್ತೀರ. ಎದೆಗೆ ಗುದ್ದಬೇಕು ಅಲ್ವಾ. ಆದ್ರೆ ಹಾಡಲ್ಲಿ ಆ ಜಾಗ ಖಾಲಿ ಇಲ್ಲ. ಗಿಟಾರಿನ ದಪ್ಪ ತಂತಿ ಸುಮಾರು 82 ಹರ್ಟ್ಸ್. ಬೇಸ್ ಗಿಟಾರಿನದು 41. ಕಿಕ್ ಡ್ರಮ್ಮಿನ ಗುದ್ದು ಇವೆರಡರ ಆಸುಪಾಸಲ್ಲೇ. ಅಂದ್ರೆ ನೀವು ಏರಿಸಿದ ಬೇಸ್ ಇನ್ನೊಬ್ಬರ ಸೀಟಲ್ಲಿ ಟವೆಲ್ ಹಾಕಿದಂಗೆ. ಮೇಲ್ಗಡೆ ಕೂಡ ಹಾಗೇ. 2ರಿಂದ 4 ಕಿಲೋಹರ್ಟ್ಸ್‌ನಲ್ಲಿ ಗಿಟಾರ್ ಕಿರುಚಿದ್ರೆ ಹಾಡೋರ ಸಾಹಿತ್ಯ ಅರ್ಥ ಆಗಲ್ಲ. ಕನ್ನಡ ಹಾಡು ಬರೆದು ಪದವೇ ಕೇಳಿಸದಂಗೆ ಮಿಕ್ಸ್ ಮಾಡಿದ್ರೆ ಯಾರಿಗೋಸ್ಕರ ಬರೆದಿದ್ದು?

ಇನ್ನೊಂದು. ನಮ್ಮ ಕಿವಿ ವಾಲ್ಯೂಮಿಗೆ ತಕ್ಕಂತೆ ಬೇರೆ ಬೇರೆ ಥರ ಕೇಳತ್ತೆ. ಜೋರಾಗಿದ್ದಾಗ ಬೇಸ್ ತುಂಬಿಕೊಂಡಂತೆ ಕೇಳತ್ತೆ, ಮೆಲ್ಲಗಾದಾಗ ಅದೇ ಬೇಸ್ ಮಾಯ. ಫ್ಲೆಚರ್ ಮತ್ತು ಮನ್ಸನ್ ಇದನ್ನ 1933ರಲ್ಲೇ ಅಳೆದು ತೋರಿಸಿದ್ದಾರೆ. ಕಿವಿ ಹರಿಯೋ ವಾಲ್ಯೂಮಲ್ಲಿ ಇಟ್ಟ ಟೋನನ್ನ ಜನ ಬಸ್ಸಲ್ಲಿ ಇಯರ್‌ಫೋನಲ್ಲಿ ಕೇಳ್ತಾರೆ. ಅದೇ ಟೋನ್ ಅಲ್ಲಿ ಕೇಳಲ್ಲ.

"ಈಕ್ಯೂ ಹಾಕಿ ಸರಿ ಮಾಡಿದ್ರಾಯ್ತು." ಸ್ವಲ್ಪ ಮಟ್ಟಿಗೆ ಆಗತ್ತೆ. ಆದ್ರೆ ಗೇನ್ ಜಾಸ್ತಿ ಆಗಿದ್ದನ್ನ ಈಕ್ಯೂ ವಾಪಸ್ ತೆಗೆಯಲ್ಲ. ಡಿಸ್ಟಾರ್ಷನ್ ಹೊಸ ಹಾರ್ಮೋನಿಕ್ಸ್ ಹುಟ್ಟಿಸತ್ತೆ, ಡೈನಮಿಕ್ಸ್ ಚಪ್ಪಟೆ ಮಾಡತ್ತೆ. ಸಾರಿಗೆ ಬಿದ್ದ ಉಪ್ಪು ಥರ. ನೀರು ಹಾಕಿ ತೆಳ್ಳಗೆ ಮಾಡಬಹುದು, ಉಪ್ಪು ಹೆಕ್ಕಿ ತೆಗೆಯೋಕಾಗಲ್ಲ.

ಡಿಐ ಇದ್ದರೆ ಉಪ್ಪು ಹಾಕೋ ಮುಂಚಿನ ಸಾರು ನಿಮ್ಮ ಹತ್ರ ಇರತ್ತೆ. ಡ್ರಮ್, ಬೇಸ್, ಧ್ವನಿ ಎಲ್ಲಾ ಕೂತ ಮೇಲೆ ಗೇನ್ ಎಷ್ಟು ಅಂತ ಕೇಳಿ ನೋಡಿ ಹಾಕ್ತೀರ. ಬಹಳ ಸಲ ಅದು ರೂಮಲ್ಲಿ ಇಟ್ಟಿದ್ದಕ್ಕಿಂತ ಕಮ್ಮಿಯೇ ಆಗಿರತ್ತೆ.

ಭಾಗ 6/10

ಈಗ ದುಡ್ಡಿನ ಮಾತು. ಬಿಕಾಂ ಓದ್ತಾ ಇದನ್ನ ಬಿಟ್ಟರೆ ನಮ್ಮ ಕಾಸ್ಟಿಂಗ್ ಮೇಷ್ಟ್ರು ಬೇಜಾರು ಮಾಡ್ಕೋತಾರೆ.

ಒಳ್ಳೇ ಟ್ಯೂಬ್ ಆಂಪ್ ಯಾರ ಹತ್ರ ಇದೆ? ಕೈ ಎತ್ತಿ. ಇದ್ದರೂ ಅದನ್ನ ಎಲ್ಲಿ ಏರಿಸ್ತೀರ? ಪಿಜಿಯಲ್ಲಾ? ಬಾಡಿಗೆ ಮನೇಲಾ, ಕೆಳಗೆ ಓನರ್ ಆಂಟಿ ಸೀರಿಯಲ್ ನೋಡ್ತಿರೋವಾಗ? ಟ್ಯೂಬ್ ಆಂಪ್ ಸ್ವಲ್ಪ ಜೋರಾದ ಮೇಲೇ ಚೆನ್ನಾಗಿ ಹಾಡೋದು. ಅಂದ್ರೆ "ನಿಜವಾದ ಟೋನ್" ಅಂತ ಇವರು ಹೇಳೋದಕ್ಕೆ ಆಂಪ್ ಬೇಕು, ಸ್ವಂತ ರೂಮ್ ಬೇಕು, ಸುಮ್ಮನಿರೋ ನೆರೆಹೊರೆ ಬೇಕು. ಇದು ಅಪ್ಪನ ಹತ್ರ ಜಾಗ ಇರೋರಿಗೆ ಮಾತ್ರ ಸಂಗೀತ ಅಂತ ಹೇಳಿದಂಗೆ. ಶುದ್ಧತೆ ಅನ್ನೋ ಹೆಸರಲ್ಲಿ ಎಂಟ್ರಿ ಫೀಸ್.

ಡಿಐಗೆ ಬೇಕಾಗಿರೋದು ಗಿಟಾರ್, ಒಂದು ಇಂಟರ್ಫೇಸ್, ಹೆಡ್‌ಫೋನ್. ರಾತ್ರಿ ಎರಡಕ್ಕೆ ನುಡಿಸಿದ್ರೂ ರೂಮ್‌ಮೇಟಿಗೆ ಕೇಳೋದು ತಂತಿಯ ಟಿಕ್ ಟಿಕ್ ಅಷ್ಟೇ. ನ್ಯೂರಲ್ ಆಂಪ್ ಮಾಡೆಲರ್ ಅನ್ನೋ ಪ್ಲಗಿನ್ ಫ್ರೀ, ಓಪನ್ ಸೋರ್ಸ್. ರೀಪರ್ ಸಾಫ್ಟ್‌ವೇರನ್ನ 60 ದಿನ ದುಡ್ಡು ಕೊಡದೆ ಪೂರ್ತಿ ಬಳಸಿ ನೋಡಬಹುದು.

ಲೆಕ್ಕ ಹಾಕೋಣ. ಸ್ಟುಡಿಯೋ ಗಂಟೆಗೆ 800 ರೂಪಾಯಿ ಅಂತ ಇಟ್ಕೊಳ್ಳಿ. ಮಿಕ್ಸಲ್ಲಿ ಗಿಟಾರ್ ಸರಿ ಕೂರಲಿಲ್ಲ ಅಂತ ಮತ್ತೆ ನುಡಿಸೋಕೆ ಮೂರು ಗಂಟೆ ಬುಕ್ ಮಾಡಿದ್ರೆ 2400. ಜೊತೆಗೆ ಓಡಾಟ, ಟೀ, ನಾಲ್ಕು ಜನರ ಅಟೆಂಡೆನ್ಸ್. ಡಿಐ ಇಟ್ಟುಕೊಳ್ಳೋ ಖರ್ಚು? 24 ಬಿಟ್, 48 ಕಿಲೋಹರ್ಟ್ಸ್ ಮೋನೋ ಫೈಲ್ ಸೆಕೆಂಡಿಗೆ 1,44,000 ಬೈಟ್. ನಿಮಿಷಕ್ಕೆ 8.64 ಎಂಬಿ. ನಾಲ್ಕು ನಿಮಿಷದ ಹಾಡಿಗೆ 34.56 ಎಂಬಿ. ಹತ್ತು ಟೇಕ್ ಇಟ್ಟರೂ 350 ಎಂಬಿ ಒಳಗೆ. ನಿಮ್ಮ ಫೋನಲ್ಲಿರೋ ಗುಡ್ ಮಾರ್ನಿಂಗ್ ಫಾರ್ವರ್ಡ್‌ಗಳು ಇದಕ್ಕಿಂತ ಜಾಸ್ತಿ ಜಾಗ ತಿಂತಿವೆ.

ಇಷ್ಟು ಅಗ್ಗದ ವಿಮೆ ಯಾವ ಕಂಪನಿನೂ ಕೊಡಲ್ಲ.

ಭಾಗ 7/10

ಈಗ ನನ್ನ ಪಕ್ಷದಲ್ಲೇ ಕೂತಿರೋ ಇನ್ನೊಂದು ಗುಂಪಿಗೆ ಬೈತೀನಿ. "ಬಿಡು ಮಚ್ಚಾ, ಆಮೇಲೆ ರೀಆಂಪ್ ಮಾಡೋಣ" ಗುಂಪು.

ಇವರು ಟೇಕ್ ಹೇಗಿದ್ರೂ ಓಕೆ ಅಂತಾರೆ. ಟ್ಯೂನ್ ನೋಡಲ್ಲ. ಟೋನ್ ಯೋಚನೆ ಮಾಡಲ್ಲ. ಆಮೇಲೆ ಮನೇಲಿ ಕೂತು ನಲವತ್ತು ಆಂಪ್ ಪ್ಲಗಿನ್, ಇನ್ನೂರು ಕ್ಯಾಬಿನೆಟ್ ಐಆರ್ ಡೌನ್‌ಲೋಡ್ ಮಾಡಿ, ಒಂದೊಂದನ್ನೂ ಬದಲಾಯಿಸ್ತಾ ಎರಡು ಸೆಮಿಸ್ಟರ್ ಕಳೀತಾರೆ. ಹಾಡು ಹೊರಗೆ ಬರಲ್ಲ. ಕೇಳಿದ್ರೆ "ಟೋನ್ ಮೇಲೆ ಕೆಲಸ ನಡೀತಿದೆ."

ಇದು ರೀಆಂಪಿನ ತಪ್ಪಲ್ಲ, ಆದ್ರೆ ರೀಆಂಪ್ ಇವರಿಗೆ ನೆಪ ಒದಗಿಸತ್ತೆ ಅನ್ನೋದು ನಿಜ. ವಿರೋಧಿಗಳು ಬೈಯೋವಾಗ ಇವರನ್ನೇ ತೋರಿಸ್ತಾರೆ. ಹಾಗಾಗಿ ಸ್ಪಷ್ಟವಾಗಿ ಹೇಳಿಬಿಡ್ತೀನಿ.

ಒಂದು, ನುಡಿಸೋವಾಗಲೇ ಹೆಡ್‌ಫೋನಲ್ಲಿ ಹತ್ತಿರದ ಟೋನ್ ಒಂದು ಇರಲೇಬೇಕು. ಟೋನ್ ಕೇಳ್ತಾ ಕೈ ಬದಲಾಗತ್ತೆ. ಕ್ಲೀನ್ ಸೌಂಡ್ ಕೇಳ್ತಾ ನುಡಿಸಿದ ಹೆವಿ ರಿಫ್ ಹೆವಿಯಾಗಿ ಬರಲ್ಲ, ಪಾಮ್ ಮ್ಯೂಟ್ ಬಿಗಿಯಾಗಲ್ಲ. ಬರೀ ಟಿಂಗ್ ಟಿಂಗ್ ಡಿಐ ಕೇಳ್ಕೊಂಡು ರೆಕಾರ್ಡ್ ಮಾಡಬೇಡಿ.

ಎರಡು, ಒಂದೇ ಡಿಐಯನ್ನ ಎರಡು ಆಂಪ್‌ಗೆ ಕಳಿಸಿ ಎಡಕ್ಕೊಂದು ಬಲಕ್ಕೊಂದು ಹಾಕಿ "ಡಬಲ್ ಟ್ರ್ಯಾಕ್" ಅನ್ನಬೇಡಿ. ಡಬಲ್ ಟ್ರ್ಯಾಕ್ ಅಗಲವಾಗಿ ಕೇಳೋದು ಎರಡು ಸಲ ನುಡಿಸಿದಾಗ ಬರೋ ಸಣ್ಣ ಸಣ್ಣ ವ್ಯತ್ಯಾಸದಿಂದ. ಒಂದೇ ನುಡಿಸಾಟಕ್ಕೆ ಎರಡು ಅಂಗಿ ಹಾಕಿದ್ರೆ ಇಬ್ಬರಾಗಲ್ಲ. ಎರಡನೇ ಸಲ ನುಡಿಸಿ. ಅದು ಹತ್ತು ನಿಮಿಷದ ಕೆಲಸ. ಇದನ್ನ ತಪ್ಪಿಸಿಕೊಂಡು ಡಬಲ್ ಅಂತ ಹೇಳಿಕೊಳ್ಳೋದಿದೆಯಲ್ಲ, ಅದು ಮೋಸ.

ಮೂರು, ರೀಆಂಪಿಗೆ ಒಂದು ದಿನ ಗೊತ್ತು ಮಾಡಿ. ಆ ಸಂಜೆ ಮುಗಿಯೋದರೊಳಗೆ ಟೋನ್ ಪ್ರಿಂಟ್ ಮಾಡಿ ಆಡಿಯೋ ಫೈಲ್ ಮಾಡಿಬಿಡಿ. ಪ್ಲಗಿನ್ ಆಫ್. ಆಯ್ಕೆ ಮಾಡೋ ಹಕ್ಕು ಇದೆ ಅಂದ್ರೆ ಯಾವತ್ತೋ ಒಂದು ದಿನ ಆಯ್ಕೆ ಮಾಡಬೇಕು ಅಂತಲೂ ಅರ್ಥ.

ಭಾಗ 8/10

ನ್ಯಾಯವಾಗಿ ಮಾತಾಡೋಣ. ಆಂಪ್ ಪ್ರೇಮಿಗಳು ಹೇಳೋದರಲ್ಲಿ ಎರಡು ಮಾತು ನೂರಕ್ಕೆ ನೂರು ಸರಿ.

ಮೊದಲನೇದು ಫೀಡ್‌ಬ್ಯಾಕ್. ಜೋರಾದ ಆಂಪ್ ಮುಂದೆ ನಿಂತಾಗ ಸ್ಪೀಕರಿನ ಗಾಳಿ ವಾಪಸ್ ಬಂದು ತಂತಿಯನ್ನ ಅಲುಗಿಸತ್ತೆ. ನೋಟ್ ಸಾಯಲ್ಲ, ಹಾಗೇ ಎಳೆದುಕೊಂಡು ಹೋಗಿ ಇನ್ನೊಂದು ಸ್ವರಕ್ಕೆ ಏರತ್ತೆ. ಒಂದು ಹೆಜ್ಜೆ ಆಚೀಚೆ ಸರಿದ್ರೆ ಅದು ಬದಲಾಗತ್ತೆ. ಅಲ್ಲಿ ಗಿಟಾರ್, ಆಂಪ್, ರೂಮ್, ಮನುಷ್ಯ ಎಲ್ಲಾ ಸೇರಿ ಒಂದೇ ವಾದ್ಯ. ಹೆಡ್‌ಫೋನಲ್ಲಿ ನುಡಿಸಿದ ಡಿಐನಲ್ಲಿ ಆ ಸುತ್ತು ನಡೆದೇ ಇಲ್ಲ. ನಡೆಯದೇ ಇದ್ದಿದ್ದನ್ನ ರೀಆಂಪ್ ತರಲ್ಲ.

ಎರಡನೇದು ಫಝ್. ಫಝ್ ಫೇಸ್ ಥರದ ಹಳೇ ವಿನ್ಯಾಸದ ಪೆಡಲ್‌ಗಳು ಪಿಕಪ್ಪಿನ ಜೊತೆ ನೇರ ಸಂಬಂಧ ಇಟ್ಟುಕೊಂಡಿರ್ತವೆ. ಗಿಟಾರಿನ ವಾಲ್ಯೂಮ್ ಸ್ವಲ್ಪ ಇಳಿಸಿದ್ರೆ ಪೆಡಲ್ ತಾನೇ ಕ್ಲೀನ್ ಆಗತ್ತೆ. ನಡುವೆ ಬಾಕ್ಸ್ ಬಂದಾಗ ಆ ಸಂಬಂಧ ಮೊದಲಿನಂಗೆ ಇರಲ್ಲ. ಅಂಥ ಟೋನ್ ಬೇಕಿದ್ರೆ ನುಡಿಸೋ ಹೊತ್ತಲ್ಲೇ ಪೆಡಲ್ ಹಾಕಿ ರೆಕಾರ್ಡ್ ಮಾಡಿ.

ಇದನ್ನೆಲ್ಲಾ ಒಪ್ಕೊಳ್ತೀನಿ. ಆದ್ರೆ ಇದರಿಂದ ಏನು ಸಾಬೀತಾಯ್ತು? ಆಂಪ್ ರೆಕಾರ್ಡ್ ಮಾಡಿ ಅಂತ. ಡಿಐ ಮಾಡಬೇಡಿ ಅಂತಲ್ಲ. ಡಿಐ ಬಾಕ್ಸಲ್ಲಿ ಸಾಮಾನ್ಯವಾಗಿ ಎರಡು ದಾರಿ ಇರತ್ತೆ, ಒಂದು ರೆಕಾರ್ಡರಿಗೆ, ಇನ್ನೊಂದು ಥ್ರೂ ಅಂತ ಆಂಪ್‌ಗೆ. ಎರಡೂ ಒಂದೇ ಸಲ ಹಿಡೀರಿ. ಆಂಪ್ ಟೋನ್ ಮಿಕ್ಸಲ್ಲಿ ಕೂತರೆ ಡಿಐ ಮುಟ್ಟಲೇಬೇಡಿ. ಕೂರದಿದ್ರೆ ಅದಿದೆ. ಫೀಡ್‌ಬ್ಯಾಕ್ ಇದ್ದ ಸಾಲಿಗೆ ಆಂಪ್ ಟ್ರ್ಯಾಕ್, ಉಳಿದ ಕಡೆ ರೀಆಂಪ್, ಹಾಗೂ ಸೇರಿಸಬಹುದು.

ಸೇರಿಸೋವಾಗ ಒಂದು ಎಚ್ಚರ. ಸೌಂಡ್ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗತ್ತೆ. ಮೈಕ್ 34 ಸೆಂಟಿಮೀಟರ್ ದೂರ ಇದ್ದರೆ ಸುಮಾರು 1 ಮಿಲಿಸೆಕೆಂಡ್ ತಡ. ಇಂಟರ್ಫೇಸಿನ ಲೇಟೆನ್ಸಿ ಬೇರೆ. ಎರಡು ಟ್ರ್ಯಾಕ್ ಒಟ್ಟಿಗೆ ಹಾಕಿದಾಗ ಸೌಂಡ್ ಟೊಳ್ಳಾದ್ರೆ ಇದೇ ಕಾರಣ. ಡಿಐ ಶುರುವಲ್ಲಿ ಒಂದು ಟಿಕ್ ಇಟ್ಟು ಕಳಿಸಿ, ವಾಪಸ್ ಬಂದ ಟಿಕ್ಕಿಗೆ ಸರಿಯಾಗಿ ಎಳೆದು ಕೂರಿಸಿ. ಪೊಲಾರಿಟಿ ತಿರುಗಿಸಿಯೂ ಒಂದು ಸಲ ಕೇಳಿ.

ಭಾಗ 9/10

ಈ ಸರಣಿ ಬರೆಯೋಕೆ ನಿಜವಾದ ಕಾರಣ ಈ ಭಾಗ.

ನಮ್ಮ ಬ್ಯಾಂಡ್ ಒಂದು ಸ್ಟುಡಿಯೋಗೆ ಹೋಗಿತ್ತು. ಹೆಸರು ಬೇಡ. ಡಿಐ ಬೇಕು ಅಂತ ಮೊದಲೇ ಕೇಳಿದ್ವಿ. "ಆಯ್ತು, ತಗೊಳ್ಳಿ" ಅಂದ್ರು. ದುಡ್ಡು ಪೂರ್ತಿ ಕೊಟ್ವಿ. ಕೊನೆಗೆ ಬಂದಿದ್ದು ಒಂದು ಎಂಪಿ3. ಡಿಐ ಕೇಳಿದ್ರೆ "ಅದು ನಮ್ಮ ವರ್ಕ್ ಫೈಲ್, ಹೊರಗೆ ಕೊಡಲ್ಲ. ರೀಆಂಪ್ ಬೇಕಿದ್ರೆ ಇಲ್ಲೇ ಬನ್ನಿ, ಬೇರೆ ಚಾರ್ಜ್." ಅಂದ್ರೆ ರೀಆಂಪ್ ಮೋಸ ಅಲ್ಲ ಅಂತ ಅವರಿಗೂ ಗೊತ್ತು. ಅದಕ್ಕೇ ಕೀಲಿ ತಮ್ಮ ಹತ್ರ ಇಟ್ಟುಕೊಂಡಿದ್ದಾರೆ.

ಬಿಕಾಂ ಮಕ್ಕಳಿಗೆ ಬಿಕಾಂ ಭಾಷೇಲಿ ಕೇಳ್ತೀನಿ. ಒಬ್ಬರು ಬ್ಯಾಲೆನ್ಸ್ ಶೀಟ್ ಕೊಟ್ಟು "ವೋಚರ್ ಕೊಡಲ್ಲ, ಅದು ನಮ್ಮ ವರ್ಕ್ ಪೇಪರ್" ಅಂದ್ರೆ ಆಡಿಟರ್ ಏನಂತಾರೆ? ಫೈನಲ್ ಮಿಕ್ಸ್ ಬ್ಯಾಲೆನ್ಸ್ ಶೀಟ್. ಡಿಐ ನಿಮ್ಮ ವೋಚರ್. ನಿಮ್ಮ ಕೈ ನುಡಿಸಿದ್ದರ ಮೂಲ ದಾಖಲೆ.

ಕಾನೂನು ಏನನ್ನತ್ತೆ? 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಧ್ವನಿಮುದ್ರಣದ ಕರ್ತೃ ಅಂದ್ರೆ ಅದರ ಪ್ರೊಡ್ಯೂಸರ್. ಪ್ರೊಡ್ಯೂಸರ್ ಅಂದ್ರೆ ಆ ಮುದ್ರಣ ಮಾಡಿಸೋಕೆ ಮುಂದಾಗಿ, ಅದರ ಜವಾಬ್ದಾರಿ ಹೊತ್ತವರು. ಹಾಡು ನಿಮ್ಮದು, ನುಡಿಸಿದ್ದು ನೀವು, ಸ್ಟುಡಿಯೋ ಗೊತ್ತು ಮಾಡಿದ್ದು ನೀವು, ದುಡ್ಡು ನಿಮ್ಮದು. ಮುಂದಾಗಿದ್ದು ಯಾರು ಅಂತ ನೀವೇ ಯೋಚನೆ ಮಾಡಿ. ಆದ್ರೆ ಇದನ್ನ ಹಿಡ್ಕೊಂಡು ಕೋರ್ಟಿಗೆ ಹೋಗಿ ಅಂತ ನಾನು ಹೇಳ್ತಿಲ್ಲ. ಎರಡು ಸಾವಿರದ ಸೆಷನ್ನಿಗೆ ಯಾರು ಕೇಸ್ ಹಾಕ್ತಾರೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕೋದರ ಬದಲು ಮೊದಲೇ ಬರೆಸಿಕೊಳ್ಳಿ.

ವಾಟ್ಸಾಪಲ್ಲಿ ಎರಡು ಸಾಲು ಸಾಕು: "ಸಾರ್, ಎಲ್ಲಾ ಟೇಕ್‌ಗಳ ಡಿಐ ವೇವ್ ಫೈಲುಗಳನ್ನ ಸೆಷನ್ ಮುಗಿದ ದಿನವೇ ನಮ್ಮ ಪೆನ್‌ಡ್ರೈವಿಗೆ ಹಾಕಿಕೊಡ್ತೀರ ಅಂತ ಮಾತಾಯ್ತು. ಅದಾದ ಮೇಲೆ ಬಾಕಿ ಅಮೌಂಟ್ ಕಳಿಸ್ತೀವಿ." ಅವರಿಂದ "ಓಕೆ" ಅನ್ನೋ ರಿಪ್ಲೈ ಬಂದ ಮೇಲೇ ಅಡ್ವಾನ್ಸ್. ಬಾಕಿ ದುಡ್ಡು ಪೆನ್‌ಡ್ರೈವ್ ಕೈಗೆ ಬಂದ ಮೇಲೆ. ಇದರಲ್ಲಿ ನಾಚಿಕೆ ಏನಿಲ್ಲ. ಒಳ್ಳೇ ಇಂಜಿನಿಯರ್‌ಗಳು ಇದನ್ನ ಕೇಳಿದ್ರೆ ಬೇಜಾರು ಮಾಡ್ಕೊಳ್ಳಲ್ಲ, ಇವರಿಗೆ ಕೆಲಸ ಗೊತ್ತು ಅಂದ್ಕೋತಾರೆ.

ಭಾಗ 10/10

ಸೇವ್ ಮಾಡ್ಕೊಳ್ಳೋಕೆ ಇಷ್ಟು:

ರೆಕಾರ್ಡಿಂಗಿಗೆ ಮುಂಚೆ ಹೊಸ ತಂತಿ ಹಾಕಿ. ಪ್ರತಿ ಟೇಕಿಗೂ ಟ್ಯೂನ್ ನೋಡಿ.

ಇನ್ಸ್ಟ್ರುಮೆಂಟ್ ಇನ್‌ಪುಟ್ಟಿಗೇ ಹಾಕಿ. 24 ಬಿಟ್. ಜೋರಾಗಿ ಹೊಡೆದಾಗ ಪೀಕ್ ಮೈನಸ್ 12 ಆಸುಪಾಸು ಇರಲಿ. ಮೀಟರ್ ಕೆಂಪಗಾದ್ರೆ ಆ ಟೇಕ್ ಮತ್ತೆ ನುಡಿಸಿ. ಕ್ಲಿಪ್ ಆದ ಡಿಐಯನ್ನ ಯಾವ ಆಂಪೂ ಉಳಿಸಲ್ಲ.

ಹೆಡ್‌ಫೋನಲ್ಲಿ ಒಳ್ಳೇ ಟೋನ್ ಇಟ್ಕೊಂಡು ನುಡಿಸಿ. ಆಂಪ್ ಇದ್ದರೆ ಅದನ್ನೂ ಡಿಐಯನ್ನೂ ಒಟ್ಟಿಗೆ ಹಿಡೀರಿ.

ಫೈಲಿಗೆ ಹೆಸರು ಸರಿಯಾಗಿ ಕೊಡಿ. ಹಾಡು, ಗಿಟಾರ್, ಎಡ ಬಲ, ಟೇಕ್ ನಂಬರ್, ಡಿಐ. "ಫೈನಲ್ ಫೈನಲ್ ಹೊಸದು 3" ಅಂತ ಇಟ್ಟರೆ ಆರು ತಿಂಗಳಾದ ಮೇಲೆ ನಿಮಗೇ ಅರ್ಥ ಆಗಲ್ಲ. ಎರಡು ಕಡೆ ಕಾಪಿ ಇಡಿ.

ಮಿಕ್ಸಲ್ಲಿ ಮೊದಲು ಡ್ರಮ್, ಬೇಸ್, ಧ್ವನಿ ಕೂರಿಸಿ. ಆಮೇಲೆ ರೀಆಂಪ್. ಗಿಟಾರನ್ನ ಸೋಲೋ ಬಟನ್ ಒತ್ತಿ ಕೇಳ್ತಾ ಟೋನ್ ಇಡಬೇಡಿ. ಒಂದು ಸಂಜೆ, ಒಂದು ತೀರ್ಮಾನ.

ಈಗ ಕೊನೇ ಮಾತು ಶುದ್ಧ ಸಂಗೀತ ರಕ್ಷಣಾ ಸಮಿತಿಗೆ. ನಿಮ್ಮ ಆಂಪ್ ಮೇಲೆ ನನಗೆ ಕೋಪ ಇಲ್ಲ. ಫೆಸ್ಟಲ್ಲಿ ಯಾರಾದ್ರೂ ಒಳ್ಳೇ ಆಂಪ್ ಏರಿಸಿದಾಗ ಮೊದಲ ಸಾಲಲ್ಲಿ ನಿಂತಿರೋನು ನಾನೇ. ಆದ್ರೆ ಫಸ್ಟ್ ಇಯರ್ ಹುಡುಗಿ ಒಬ್ಬಳು ಹಾಸ್ಟೆಲ್ ಮಂಚದ ಮೇಲೆ ಕೂತು, ಹೆಡ್‌ಫೋನ್ ಹಾಕ್ಕೊಂಡು, ಒಂದೇ ರಿಫ್ಫನ್ನ ಮೂವತ್ತು ಸಲ ನುಡಿಸಿ ಡಿಐ ಮಾಡ್ಕೊಂಡು ಬಂದರೆ, ಅವಳ ಕೈಯನ್ನ ಕೇಳಿ. ಅವಳ ಹತ್ರ ಯಾವ ಆಂಪ್ ಇತ್ತು ಅಂತ ಕೇಳಬೇಡಿ. ಒಳ್ಳೇ ಆಂಪ್ ನಿಮ್ಮ ಹತ್ರ ಇದೆ ಅಂದ್ರೆ ಅವಳ ಡಿಐಗೆ ಒಂದು ಮಧ್ಯಾಹ್ನ ಅದನ್ನ ಕೊಡಿ. ರೀಆಂಪಿನ ಅತ್ಯಂತ ಒಳ್ಳೇ ಉಪಯೋಗ ನನಗೆ ಕಾಣೋದು ಅದೇ. ಒಂದು ಆಂಪ್, ಹತ್ತು ಬ್ಯಾಂಡ್.

ಬ್ಯಾಂಡಲ್ಲಿರೋರು ಇವತ್ತೇ ಒಂದು ಕೆಲಸ ಮಾಡಿ. ಹೋದ ಸಲ ರೆಕಾರ್ಡ್ ಮಾಡಿದ ಸ್ಟುಡಿಯೋಗೆ ಫೋನ್ ಹಾಕಿ, ನಮ್ಮ ಡಿಐ ಫೈಲ್ ಇದೆಯಾ ಸಾರ್ ಅಂತ ಕೇಳಿ. ಏನಂದ್ರು ಅಂತ ಕಾಮೆಂಟಲ್ಲಿ ಬರೀರಿ, ಸ್ಟುಡಿಯೋ ಹೆಸರು ಹಾಕಬೇಡಿ. ರೀಆಂಪ್ ಮೋಸ ಅನ್ನೋರೂ ಬರೀರಿ, ಉತ್ತರ ಕೊಡ್ತೀನಿ. ಇಂಟರ್ನಲ್ಸ್ ಮುಗಿದ ಮೇಲೆ.

#ರೀಆಂಪ್ #ಡಿಐಇಟ್ಕೊಳ್ಳಿ #ಗಿಟಾರ್ #ಕಾಲೇಜ್‌ಬ್ಯಾಂಡ್ #ಕನ್ನಡದಲ್ಲಿಮಿಕ್ಸಿಂಗ್